ಬೆನ್ನ ಹಿಂದಿನ ಕಿಂಡಿ

ಪೆನ್ ಡ್ರೈವ್ ಚುಚ್ಚಿ ಗೀಚಕ್ಕ ಕಾದಳು. ಏನೂ ಆಗಲಿಲ್ಲ. ಪರದೆಯ ಮೇಲೆ ಅದೇ ಮಾಸಿದ ನೀಲಿ, ಅದೇ ನಾಲ್ಕಾರು ಪುಟ್ಟ ಚಿತ್ರಗಳು, ಮೂಲೆಯಲ್ಲಿ ಎಂದೂ ಸರಿಯಾದ ಹೊತ್ತು ತೋರಿಸದ ಗಡಿಯಾರ. ಉಂಡು ಮಲಗಿದ ಬೆಕ್ಕಿನ ಹಾಗೆ ಕಂಪ್ಯೂಟರು ಗುರುಗುಟ್ಟುತ್ತಾ ಕೂತಿತ್ತೇ ಹೊರತು ತನ್ನ ಬಾಯಿಗೆ ಯಾರೋ ಏನನ್ನೋ ಇಟ್ಟಿದ್ದಾರೆ ಎಂಬ ಪರಿವೆಯೇ ಅದಕ್ಕಿರಲಿಲ್ಲ.

"ಏನಂತೆ?" ಎಂದ ಮೈದುನ. ಹೆಂಚು ಒತ್ತುವ ಯಂತ್ರದ ಹಿಡಿ ಬಿಟ್ಟು, ಮೊಣಕೈವರೆಗೆ ಕೆಸರು ಮೆತ್ತಿಕೊಂಡೇ ಬಂದು ನಿಂತಿದ್ದ. ಅವನ ಅವಸರ ನೋಡಿ ಮನೆಯವರು ಇಟ್ಟ ಹೆಸರು ಗಡಿಬಿಡಿ. ಹೆತ್ತ ತಾಯಿಯೂ ಹಾಗೇ ಕರೆಯುತ್ತಿದ್ದಳು.

"ಏನೂ ಇಲ್ವಂತೆ."

"ಅದರ ನೆತ್ತಿಗೊಂದು ಕೊಡು ಅತ್ತಿಗೆ. ಹಳೇ ರೇಡಿಯೋ ಹಂಗೇ ದಾರಿಗೆ ಬರ್ತಿತ್ತು."

"ನಿನ್ನ ನೆತ್ತಿಗೆ ಕೊಟ್ಟು ನೋಡ್ಲಾ ಮೊದಲು?"

ಹೆಂಚಿನ ಕೊಟ್ಟಿಗೆಯ ಒಂದು ಮೂಲೆಯಲ್ಲಿ, ಹಲಗೆ ಬಡಿದು ಮಾಡಿದ ಗೂಡಿನಂಥ ಮೇಜಿನಲ್ಲಿ ಈ ಕಂಪ್ಯೂಟರಿತ್ತು. ಪಕ್ಕದಲ್ಲಿ ಕೆತ್ತುವ ಯಂತ್ರ. ಸೂಜಿಯಂಥ ಕೊಕ್ಕಿನಿಂದ ಪ್ಲಾಸ್ಟರ್ ಹಲಗೆಯನ್ನು ಕುಟುಕಿ ಕುಟುಕಿ ಅಚ್ಚು ಮಾಡುತ್ತಿದ್ದ ಅದನ್ನು ಎಲ್ಲರೂ ಮರಕುಟಿಗ ಎನ್ನುತ್ತಿದ್ದರು. ಅಂಗಡಿ ಮುಚ್ಚಿದ ಬಡಗಿಯೊಬ್ಬನಿಂದ ಎರಡನ್ನೂ ಜೋಡಿಯಾಗಿ ತಂದದ್ದು. ಮರಕುಟಿಗದ ಬೆನ್ನಿನಿಂದ ಹೊರಟ ದಪ್ಪ ವೈರಿನ ತುದಿಯಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಮುಳ್ಳುಗಳು. ಆ ಹಲ್ಲು ಕಚ್ಚುವ ಬಾಯಿ ಈಗಿನ ಕಂಪ್ಯೂಟರುಗಳಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಇದು ಸತ್ತರೆ ಅದೂ ಸತ್ತಂತೆ. ಬಡಗಿ ತುಂಬಿಕೊಟ್ಟಿದ್ದ ಹಳೆಯ ವಿನ್ಯಾಸಗಳಲ್ಲೇ ಇಷ್ಟು ಕಾಲ ಬದುಕು ಸಾಗಿತ್ತು. ಹೊಸ ವಿನ್ಯಾಸ ಒಳಗೆ ಹಾಕುವ ಪ್ರಮೇಯ ಬಂದದ್ದು ಈಗಲೇ.

ಬಂದದ್ದು ವಾಚನಾಲಯದ ಸೂರಿನಿಂದ. ಊರ ನಡುವಿನ ಆ ಹಳೇ ಕಟ್ಟಡದ ಮಾಡನ್ನು ರಿಪೇರಿಗೆಂದು ಬಿಚ್ಚಿದ್ದರು. ಎರಡು ಇಳಿಜಾರು ಕೂಡುವ ನೆತ್ತಿಯ ಉದ್ದಕ್ಕೂ ಬಳ್ಳಿ ಹಬ್ಬಿದ ಹೆಂಚುಗಳು. ಅವನ್ನು ಮಾಡಿದ್ದು ಇದೇ ಕೊಟ್ಟಿಗೆ, ಅತ್ತೆಯ ಮಾವನ ಕಾಲದಲ್ಲಿ. ಅರ್ಧಕ್ಕರ್ಧ ಒಡೆದಿದ್ದವು. ಮರದ ಹಳೇ ಅಚ್ಚನ್ನು ಗೆದ್ದಲು ತಿಂದು ತೇಗಿತ್ತು. ಇನ್ನೊಂದು ಕೆತ್ತಲು ಆ ಕೈಗಳು ಈಗಿರಲಿಲ್ಲ. ಸೂರಿನ ಮೇಸ್ತ್ರಿ, "ಹೆಂಚು ಗಿಂಚು ಯಾಕೆ, ನೆತ್ತಿಗೆ ತಗಡು ಬಡೀತೀನಿ" ಎಂದಾಗ, ಊರವರೆಲ್ಲ ತಲೆಯಾಡಿಸುತ್ತಿದ್ದ ಆ ಗುಂಪಿನಲ್ಲಿ, "ನಾವು ಮಾಡ್ಕೊಡ್ತೀವಿ" ಎಂದವಳು ಗೀಚಕ್ಕ. ಬಾಯಿಂದ ಮಾತು ಬಿದ್ದ ಮೇಲೆ ತಾನೇ ಬೆಚ್ಚಿದ್ದಳು. ಆದರೆ ಬಿದ್ದ ಮಾತನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುವ ಹೆಂಗಸಲ್ಲ ಅವಳು. ತಗಡು ಒಮ್ಮೆ ಊರ ನೆತ್ತಿ ಏರಿತೆಂದರೆ ಇಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಇಂದು ನೆತ್ತಿ, ನಾಳೆ ಇಡೀ ಮಾಡು, ನಾಡಿದ್ದು ಪಕ್ಕದ ಮಾಡು. ಆಮೇಲೆ ಈ ಕೊಟ್ಟಿಗೆಯಲ್ಲಿ ಒತ್ತುವುದೇನು, ಸುಡುವುದೇನು?

ಒಡೆದ ಹೆಂಚುಗಳನ್ನು ಜೋಡಿಸಿಟ್ಟುಕೊಂಡು, ಹಿಂದಿನ ದಿನ ವಾಚನಾಲಯದ ಕಂಪ್ಯೂಟರಿನಲ್ಲಿ ಮಧ್ಯಾಹ್ನವೆಲ್ಲ ಕೂತು ಆ ಬಳ್ಳಿಯನ್ನು ಗೆರೆಗೆರೆಯಾಗಿ ಬಿಡಿಸಿದ್ದಳು. ಹಸಿಮಣ್ಣು ಕಂಡಲ್ಲೆಲ್ಲ ಕಡ್ಡಿಯಲ್ಲಿ ಗೀಚುವ ಚಾಳಿಗೆ ಅಂಟಿದ ಹೆಸರು ಅವಳದು. ಆ ಚಾಳಿ ಮೊದಲ ಬಾರಿಗೆ ಕೆಲಸಕ್ಕೆ ಬಂದಿತ್ತು. ಆ ಬಳ್ಳಿಯೇ ಈ ಪೆನ್ ಡ್ರೈವಿನೊಳಗೆ ಸುರುಳಿ ಸುತ್ತಿಕೊಂಡು ಕೂತಿತ್ತು. ಹೊರಗೆ ಬರಲು ದಾರಿಯೇ ಇರಲಿಲ್ಲ.

"ಇನ್ನೊಂದು ಕಿಂಡಿ ಇದೆಯಲ್ಲ, ಅದಕ್ಕೂ ಹಾಕು, ಆಫ್ ಮಾಡು, ಆನ್ ಮಾಡು, ಆ ವೈರು ಅಲ್ಲಾಡ್ಸು..." ಗಡಿಬಿಡಿ ಶುರು ಹಚ್ಚಿಕೊಂಡ.

"ಒಂದು ಸಲಕ್ಕೆ ಒಂದೇ ಕಿಂಡಿ" ಎಂದಿತು ಹಿಂದಿನಿಂದ ಒಂದು ದನಿ.

ಅತ್ತೆ. ಮಣ್ಣಿನ ಗುಡ್ಡೆಯ ಪಕ್ಕ ಕೂತು ಹುಲ್ಲು, ಹರಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಅದು ಹೆಂಚಿನ ಗೂಡು ಸುಡುವಾಗಿನ ಅವಳ ಮಾತು. ಒಳಗೆ ಬೆಂಕಿ ಸರಿಯಾಗಿ ಹತ್ತದಿದ್ದರೆ ಎಲ್ಲ ಕಿಂಡಿಗಳನ್ನೂ ಒಟ್ಟಿಗೆ ತೆರೆಯಬಾರದು. ಒಂದನ್ನು ತೆರೆ, ನೋಡು, ಮುಚ್ಚು. ಆಮೇಲೆ ಇನ್ನೊಂದು. ಇಲ್ಲವಾದರೆ ಬೆಂಕಿ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ, ಕೆಟ್ಟರೂ ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ.

ಗೀಚಕ್ಕ ಹಾಗೇ ಮಾಡಿದಳು. ಮೊದಲು ಪಕ್ಕದ ಕಿಂಡಿ: ಇಲ್ಲ. ಆಫ್ ಮಾಡಿ ಆನ್ ಮಾಡಿದಳು: ಇಲ್ಲ. ಪೆನ್ ಡ್ರೈವೇ ಸತ್ತಿದ್ದರೆ? ಅದನ್ನು ಮುಷ್ಟಿಯಲ್ಲಿ ಹಿಡಿದು ವಾಚನಾಲಯದ ಕಡೆ ನಡೆದಳು.

ವಾಚನಾಲಯದ ಮಾಡು ಪಕ್ಕೆಲುಬು ಕಾಣುವ ಎತ್ತಿನ ಹಾಗೆ ಆಕಾಶಕ್ಕೆ ತೆರೆದುಕೊಂಡಿತ್ತು. ಪುಸ್ತಕಗಳನ್ನೂ ಕಂಪ್ಯೂಟರನ್ನೂ ಹಿಂದಿನ ಸಣ್ಣ ಕೋಣೆಗೆ ಸಾಗಿಸಿ, ಮೇಲೆ ಟಾರ್ಪಾಲು ಕಟ್ಟಿದ್ದರು. ಮೆಟ್ಟಿಲ ಬಳಿ ತಗಡಿನ ಹಾಳೆಗಳು ಆಗಲೇ ಬಂದು ಬಿದ್ದಿದ್ದವು. ಕಣ್ಣು ಕುಕ್ಕುವ ಹೊಳಪು.

ತೊಲೆಯ ಮೇಲೆ ಕುದುರೆ ಸವಾರನಂತೆ ಕೂತಿದ್ದ ಮೇಸ್ತ್ರಿ ಮೇಲಿಂದಲೇ ಕೂಗಿದ. "ಏನ್ ತಂಗೀ, ಹೆಂಚು ತಂದ್ಯಾ?"

"ತರ್ತೀನಣ್ಣ."

"ತರ್ತೀನಿ ತರ್ತೀನಿ ಅಂತ ಮೋಡಕ್ಕೂ ಹೇಳ್ತೀಯಾ? ಅಲ್ ನೋಡು, ಹೆಂಗೆ ಕಟ್ತಾ ಇದೆ. ಸಂಜೆ ನಾನು ಕೆಳಗಿಳಿಯೋದ್ರೊಳಗೆ ಒಂದೇ ಒಂದು ತೋರ್ಸು. ಸುಡೋದೂ ಬೇಡ, ಹಸಿದಾದ್ರೂ ಸರಿ. ನೋಡಿದ್ರೆ ಟಾರ್ಪಾಲು ಕಟ್ಟಿ ಕಾಯ್ತೀನಿ. ಇಲ್ದಿದ್ರೆ ಬೆಳಗ್ಗೆ ಮೊಳೆ ಹೊಡೆಯೋಕೆ ಶುರು. ಆಮೇಲೆ ನನ್ನ ಮೇಲೆ ಕೋಪ ಮಾಡ್ಕೋಬೇಡ."

"ಕೋಪ ಯಾಕಣ್ಣ. ಕಾಯೋಕೆ ಟಾರ್ಪಾಲು ಸಾಕಾಗುತ್ತಾ ನೋಡ್ಕೊಂಡಿರು" ಎಂದು ಒಳಗೆ ಹೋದಳು.

ವಾಚನಾಲಯ ನೋಡಿಕೊಳ್ಳುವ ಅಕ್ಕ ಪೆನ್ ಡ್ರೈವನ್ನು ತನ್ನ ಕಂಪ್ಯೂಟರಿಗೆ ಹಾಕಿದಳು. ಪುಟ್ಟ ದೀಪ ಮಿಣಮಿಣ ಎಂದಿತು, ಬಳ್ಳಿ ಪರದೆ ತುಂಬ ಹರಡಿತು.

"ಚೆನ್ನಾಗೇ ಇದೆಯಲ್ಲೇ."

"ಹಂಗಾದ್ರೆ ರೋಗ ನಮ್ಮನೇದು" ಎಂದಳು ಗೀಚಕ್ಕ. ಅರ್ಧ ಸಮಾಧಾನ, ಅರ್ಧ ಸಂಕಟ. ಒಂದು ಕಿಂಡಿ ಮುಚ್ಚಿತು, ಮುಂದಿನದು ತೆರೆಯಬೇಕು. ಹೊರಡುವಾಗ ಅಕ್ಕನ ಫೋನಿನಿಂದ ಪೇಟೆಯ ರಿಪೇರಿಯವನ ನಂಬರು ಇಳಿಸಿಕೊಂಡು, ಕೊಟ್ಟಿಗೆಗೆ ಮರಳಿ ಅವನಿಗೆ ಫೋನು ಮಾಡಿದಳು.

ರಿಪೇರಿಯವನ ಅಂಗಡಿಯಲ್ಲಿ ಒಂದೇ ಸಮನೆ ಯಾರೋ ಏನೋ ಕೇಳುತ್ತಿದ್ದ ಗಲಾಟೆ ಫೋನಿನಲ್ಲೂ ಕೇಳಿಸುತ್ತಿತ್ತು. ಆದರೂ ಮನುಷ್ಯ ತಾಳ್ಮೆಯವನು.

"ಚುಚ್ಚಿದ ತಕ್ಷಣ ಅದರ ದೀಪ ಹತ್ತುತ್ತಾ?"

"ಇಲ್ಲಣ್ಣ."

"ಹತ್ತಲ್ವಾ. ಹಂಗಾದ್ರೆ ಕಂಪ್ಯೂಟರಿನ ತಲೆ ತನಕ ಹೋಗೋದೇ ಬೇಡ. ಕರೆಂಟೇ ಬರ್ತಾ ಇಲ್ಲ. ಕಿಂಡಿಯೊಳಗೆ ಟಾರ್ಚು ಬಿಟ್ಟು ನೋಡಿ. ನಾಲ್ಕು ಹಿತ್ತಾಳೆ ಗೆರೆ ಇರ್ಬೇಕು. ಹೊಳೀತಾವಾ?"

ಗೀಚಕ್ಕ ಮೊಣಕಾಲೂರಿ ಬಗ್ಗಿದಳು. ಹೊಳೆಯುವುದಿರಲಿ, ಗೆರೆಗಳೇ ಕಾಣಲಿಲ್ಲ. ಕೆರೆಯ ಪಾಚಿಯಂಥ ಹಸಿರು ಪುಡಿ. ಎರಡು ಕಿಂಡಿಗಳಲ್ಲೂ ಅದೇ.

"ಹಸಿರಾಗಿದೆಯಣ್ಣ."

"ತೇವ ಕುಡಿದಿದೆ. ಅದರ ಮೇಲೆ ನೀರು ಗೀರು ಚೆಲ್ಲಿದ್ರಾ?"

"ಇಲ್ಲಪ್ಪ, ಪ್ರತಿ ಸಂಜೆ ನಾನೇ ಬಟ್ಟೆ ಹೊದಿಸಿ..." ಎನ್ನುವಷ್ಟರಲ್ಲಿ ಅವಳ ಕಣ್ಣು ಪಕ್ಕಕ್ಕೆ ಹೊರಳಿತು.

ಮೇಜಿನ ಬದಿಯ ಮೊಳೆಗೆ ಆ ಬಟ್ಟೆ ನೇತಾಡುತ್ತಿತ್ತು. ಕೈ ಹಾಕಿ ನೋಡಿದಳು. ತಣ್ಣಗೆ, ತೇವ. ಹೆಂಚಿನ ಕೊಟ್ಟಿಗೆಯಲ್ಲಿ ಸಂಜೆಯಾದರೆ ಅರ್ಧ ಆದ ಕೆಲಸಕ್ಕೆಲ್ಲ ಒದ್ದೆ ಬಟ್ಟೆ ಹೊದಿಸುವುದು ವಾಡಿಕೆ. ಒಣಗಿದರೆ ಹಸಿ ಹೆಂಚು ಸೀಳುತ್ತದೆ. ಗುಡ್ಡೆ ಹಾಕಿದ ಬಟ್ಟೆಗಳಲ್ಲಿ ಒಂದನ್ನು ಎತ್ತುವುದು, ಹಿಂಡುವುದು, ಹೊದಿಸುವುದು. ಕೈ ಅದನ್ನು ತಲೆಯನ್ನು ಕೇಳಿ ಮಾಡುವುದಿಲ್ಲ. ಸಾಲಾಗಿ ಹೆಂಚುಗಳಿಗೆ ಹೊದಿಸುತ್ತಾ ಬಂದು, ಸಾಲಿನ ಕೊನೆಯಲ್ಲಿದ್ದ ಕಂಪ್ಯೂಟರಿಗೂ ಧೂಳು ಕೂರದಿರಲಿ ಎಂದು ಹೊದಿಸುತ್ತಿದ್ದಳು. ಅದೇ ರಾಶಿಯ ಬಟ್ಟೆ. ಒಣಗಿ ಸೀಳದಿರಲಿ ಎಂಬಂತೆ!

"ಏನಾಯ್ತು ಅತ್ತಿಗೆ?" ಎಂದ ಗಡಿಬಿಡಿ.

"ಏನಿಲ್ಲ. ಕಂಪ್ಯೂಟರು ಒಣಗದ ಹಾಗೆ ನೋಡ್ಕೊಂಡಿದೀನಿ."

ಅವನು ನಗಲು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ.

ಒಣ ಬ್ರಷ್ಷಿನಿಂದ ಕೆರೆದರು. ಹಸಿರಿನ ಜೊತೆ ಹಿತ್ತಾಳೆಯೂ ಪುಡಿಪುಡಿಯಾಗಿ ಉದುರಿತು. ರಿಪೇರಿಯವನು ಅದನ್ನು ಕೇಳಿ, "ಮುಂದಿನ ಕಿಂಡಿಗಳ ಆಸೆ ಬಿಡಿ" ಎಂದ. ಫೋನಿನ ವೈರು ಹಾಕಿದರೂ ಅದು ಹೋಗಬೇಕಾದ್ದು ಅದೇ ಥರದ ಕಿಂಡಿಗೇ. ಸಿ.ಡಿ.ಯ ಬಾಯಿ ಎಂದೋ ಸೆಟೆದುಕೊಂಡಿತ್ತು. "ಆದ್ರೆ ಹೆದರ್ಬೇಡಿ. ಹಿಂದೆ ಇನ್ನೂ ಎರಡು ಇದ್ದೇ ಇರ್ತಾವೆ. ಕೀಬೋರ್ಡಿನ ದುಂಡು ಪಿನ್ನು ಇರುತ್ತಲ್ಲ, ಅದರ ಸ್ವಲ್ಪ ಕೆಳಗೆ. ಕೈ ಹಾಕಿ ನೋಡಿ."

ಹಿಂದಕ್ಕೆ ಕೈ ಹಾಕುವುದೇನೋ ಸರಿ. ಆದರೆ ಮೇಜಿನ ಹಿಂಬದಿ ಗೋಡೆಗೆ ಅಂಟಿದಂತಿತ್ತು. ಆ ದಪ್ಪ ವೈರು ಒಂದು ಕೂದಲಷ್ಟು ಸಡಿಲವಾದರೂ ಮರಕುಟಿಗ ಹುಚ್ಚು ಹಿಡಿದಂತೆ ಎಲ್ಲೆಂದರಲ್ಲಿ ಕುಟುಕುತ್ತಿತ್ತು. ಹೆಂಚಿನ ಲಾರಿ ತೆಗೆದುಕೊಂಡು ಹೋಗಿದ್ದ ಗಂಡ ಹೊರಡುವ ಮುಂಚೆ ಹೇಳಿದ್ದ ಮಾತು ಒಂದೇ: "ಏನಾದ್ರೂ ಮಾಡ್ಕೊ, ಆ ವೈರು ಮಾತ್ರ ಮುಟ್ಬೇಡ." ಅವಳು ಮೇಜು ಸರಿಸಲಿಲ್ಲ. ಭುಜದವರೆಗೆ ಕೈಯನ್ನು ಸಂದಿಯಲ್ಲಿ ತೂರಿಸಿ, ಕೆನ್ನೆಯನ್ನು ಹಲಗೆಗೆ ಒತ್ತಿ, ಕುರುಡಿಯ ಹಾಗೆ ತಡವಿದಳು. ದುಂಡು ಪಿನ್ನು ಸಿಕ್ಕಿತು. ಕೆಳಗೆ ಸರಿದಳು. ನುಣುಪು. ಇನ್ನೂ ಕೆಳಗೆ. ನುಣುಪು.

"ಕಿಂಡಿ ಇಲ್ಲಣ್ಣ. ನುಣ್ಣಗಿದೆ."

"ನುಣ್ಣಗೆ?" ರಿಪೇರಿಯವನು ನಕ್ಕ. "ಕಂಪ್ಯೂಟರಿನ ಬೆನ್ನು ನುಣ್ಣಗಿರೋಕೆ ಅದೇನು ಹಸುಗೂಸಾ? ಈ ಕೆಲಸದಲ್ಲಿ ನನ್ನ ಕೂದಲು ಉದುರಿದೆ, ನುಣ್ಣಗಿರೋ ಬೆನ್ನು ನೋಡಿಲ್ಲ. ಸರಿಯಾಗಿ ನೋಡಿ. ಕೈ ಬೇಡ, ಕಣ್ಣಲ್ಲಿ ನೋಡಿ."

ಕಣ್ಣು ಹೋಗುವಷ್ಟು ಜಾಗವಿರಲಿಲ್ಲ. ಗೀಚಕ್ಕ ಒಂದು ಗಳಿಗೆ ಕೂತಳು. ಹೊರಗೆ ಬಿಸಿಲು ಮಂಕಾಗಿತ್ತು. ತಗಡಿನ ಹಾಳೆಗಳು ಅಲ್ಲಿ ಮಲಗಿ ಕಾಯುತ್ತಿರುವುದು ಕಣ್ಣಿಗೆ ಕಟ್ಟಿತು. ಎದ್ದಳು.

"ಅತ್ತೆ, ನಿಮ್ಮ ಕನ್ನಡಿ ಕೊಡಿ."

"ಈಗ ಯಾಕೆ ಶೃಂಗಾರ?" ಎಂದರೂ ಅತ್ತೆ ಗೋಡೆಯ ಗೂಡಿನಿಂದ ಅಂಗೈಯಗಲದ ಕನ್ನಡಿ ತೆಗೆದು ಕೊಟ್ಟಳು.

ಕನ್ನಡಿಯನ್ನು ಕೋಲಿನ ತುದಿಗೆ ಕಟ್ಟಿ ಸಂದಿಗೆ ಇಳಿಸಿದಳು. ಗಡಿಬಿಡಿ ಟಾರ್ಚು ಹಿಡಿದ. ಅವನ ಕೈಯೊಂದು ಕಡೆ ನಿಲ್ಲದೆ ಬೆಳಕು ಛಾವಣಿಗೂ ನೆಲಕ್ಕೂ ಓಡಾಡಿತು. "ನಿಂತ್ಕೊಳೋ, ಅದೇನು ಜಾತ್ರೆ ನೋಡ್ತಿದೀಯಾ" ಎಂದು ಗದರಿದ ಮೇಲೆ ನೆಟ್ಟಗಾಯಿತು. ಕನ್ನಡಿಯಲ್ಲಿ ದುಂಡು ಪಿನ್ನು ಕಂಡಿತು. ಅದರ ಕೆಳಗೆ, ಕಬ್ಬಿಣದ ಬೂದು ಬಣ್ಣದ ನಡುವೆ, ಬೇರೊಂದು ಬೂದು. ಒಣಗಿದ ಮಣ್ಣಿನ ಬೂದು. ಅಂಚು ಸವರಿ, ಅಚ್ಚುಕಟ್ಟಾಗಿ ಮೆತ್ತಿದ ಮಣ್ಣು. ಅದರ ನಟ್ಟನಡುವೆ ಒಂದು ಹೆಬ್ಬೆರಳಿನ ಗುರುತು, ಅಡ್ಡಕ್ಕೆ ಒಂದು ಗಾಯದ ಗೆರೆ.

ಆ ಗೆರೆಯನ್ನು ಗೀಚಕ್ಕ ಈ ಮನೆಗೆ ಬಂದಾಗಿನಿಂದ ನೋಡುತ್ತಿದ್ದಾಳೆ. ಪ್ರತಿ ಸಲ ಗೂಡು ತುಂಬಿದ ಮೇಲೆ ಬಾಗಿಲಿನ ಬಿರುಕು, ಸಂದು, ಇಲಿ ಕೊರೆದ ಬಿಲ, ಎಲ್ಲಕ್ಕೂ ಮಣ್ಣು ಮೆತ್ತಿ ಕೊನೆಗೆ ಹೆಬ್ಬೆರಳೊತ್ತಿ ಮುಗಿಸುವುದು ಒಬ್ಬಳೇ. ಕುಡುಗೋಲು ತಾಗಿದ ಆ ಹೆಬ್ಬೆರಳು ಒಬ್ಬಳದೇ.

ಅವಳು ಮೆಲ್ಲಗೆ ತಿರುಗಿದಳು. "ಅತ್ತೆ, ಇದರ ಬೆನ್ನಿಗೆ ಮಣ್ಣು ಮೆತ್ತಿದ್ರಾ?"

ಅತ್ತೆ ಮೊದಲ ಬಾರಿಗೆ ತಲೆ ಎತ್ತಿದಳು. ಮುಖದಲ್ಲಿ ಅಳುಕಿಲ್ಲ, ಹೆಮ್ಮೆ. "ಮೆತ್ತದೆ ಮತ್ತೆ? ಗೋಡೆಗೆ ಬಣ್ಣ ಬಳಿಯೋಕೆ ಅಂತ ಇದನ್ನ ಈಚೆಗೆ ಎಳೆದಿದ್ರಲ್ಲ, ಆಗ ನೋಡ್ದೆ. ಬೆನ್ನ ತುಂಬ ಬಾಯಿ ಬಿಟ್ಕೊಂಡು ಕೂತಿದೆ. ಒಂದು ಹಲ್ಲಿ ಅಲ್ಲೇ ಇಣುಕ್ತಿತ್ತು. ನೀವ್ಯಾರೂ ನೋಡ್ಕೊಳಲ್ಲ, ನಾನೇ ಮುಚ್ದೆ."

"ಎಲ್ಲಾನೂ ಮುಚ್ಚಿದ್ರಾ?"

"ಅಷ್ಟು ಬುದ್ಧಿ ಇಲ್ವಾ ನನಗೆ? ಬಿಸಿಗಾಳಿ ಊದೋದನ್ನ ಬಿಟ್ಟಿದೀನಿ. ಅದು ಹೊಗೆಕೊಳವೆ. ವೈರು ಕಚ್ಕೊಂಡಿರೋದನ್ನ ಬಿಟ್ಟಿದೀನಿ. ಮಿಕ್ಕಿದ್ದೆಲ್ಲ ಬರೀ ಸೋರೋ ಕಿಂಡಿ. ಯಾಕೆ, ಆಮೇಲೆ ಕೆಟ್ಟಿತಾ ಅದು? ಚೆನ್ನಾಗೇ ಓಡ್ತಿಲ್ವಾ?"

ಗಡಿಬಿಡಿಗೆ ಇನ್ನು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಮಣ್ಣಿನ ಗುಡ್ಡೆಯ ಮೇಲೇ ಕುಕ್ಕರಿಸಿದ. "ಅಮ್ಮಾ, ಒಬ್ಬಳು ಅದಕ್ಕೆ ಒದ್ದೆ ಬಟ್ಟೆ ಹೊದಿಸ್ತಾಳೆ, ಇನ್ನೊಬ್ಬಳು ಸಂದು ಮೆತ್ತುತಾಳೆ. ಬೆಂಕಿ ಹಾಕೋದೊಂದು ಬಾಕಿ!"

"ಅದನ್ನ ನಿನಗೆ ಬಿಟ್ಟಿದೀವಿ" ಎಂದಳು ಗೀಚಕ್ಕ. ಅವಳಿಗೂ ನಗು ಬಂದಿತ್ತು. ಆದರೆ ಅತ್ತೆಯ ಮುಖ ಸಣ್ಣದಾಗುವುದನ್ನು ಕಂಡು ನುಂಗಿಕೊಂಡಳು. ಪಕ್ಕದಲ್ಲಿ ಕೂತು ಪೆನ್ ಡ್ರೈವನ್ನು ಅವಳ ಅಂಗೈಗಿಟ್ಟಳು. "ಬಳ್ಳಿ ಇದರೊಳಗಿದೆ ಅತ್ತೆ. ಇದು ಒಳಗೆ ಹೋಗೋಕೆ ಇರೋ ಬಾಗಿಲು ಅದೊಂದೇ. ಮುಂದಿನ ಬಾಗಿಲು ನಾನು ಕೊಳೆಸಿದೀನಿ."

ಅತ್ತೆ ಆ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಳ್ಳಿಯ ಹೆಂಚು ಅವಳು ಸೊಸೆಯಾಗಿ ಬಂದ ಹೊಸದರಲ್ಲಿ ಕೊನೆಯ ಬಾರಿ ಒತ್ತಿದ್ದು. ಸೊಂಟಕ್ಕೆ ಕೈ ಕೊಟ್ಟು ಎದ್ದಳು. "ಮುಚ್ಚಿದವಳಿಗೆ ಬಿಚ್ಚೋದೂ ಗೊತ್ತು. ಮೇಜು ಈಚೆಗೆ ತನ್ನಿ."

"ವೈರು..." ಎಂದ ಗಡಿಬಿಡಿ.

"ವೈರನ್ನ ನೀನು ಕೂಸಿನ ತಲೆ ಹಿಡಿದ ಹಾಗೆ ಹಿಡ್ಕೊ. ಅವಸರ ಮಾಡಿದ್ರೆ ನಿನ್ನ ತಲೆ ಹಿಡೀತೀನಿ."

ಕರೆಂಟು ತೆಗೆದು, ಮೂವರೂ ಸೇರಿ, ಇರುವೆ ಸರಿದಂತೆ ಮೇಜನ್ನು ಸರಿಸಿದರು. ಗಡಿಬಿಡಿ ತನ್ನ ಜನ್ಮದಲ್ಲಿ ಅಷ್ಟು ಹೊತ್ತು ಒಂದೇ ಕಡೆ ನಿಂತಿರಲಿಲ್ಲ. ಗೀಚಕ್ಕ ನೀರಿನ ಬಟ್ಟಲಿಗೆ ಕೈ ಚಾಚಿದಾಗ ಅತ್ತೆ ಮೊಣಕೈಯಿಂದ ತಡೆದಳು. "ನೀರು ಹಾಕಿದ್ರೆ ಕರಗಿ ಒಳಗೆ ಇಳಿಯುತ್ತೆ. ಮಣ್ಣು ಒಣಗಿದಾಗ ಕುಗ್ಗುತ್ತೆ ಅಲ್ವಾ? ಅಂಚು ಬಿಟ್ಟಿರುತ್ತೆ. ಅಲ್ಲಿಂದ ಹಿಡೀಬೇಕು." ಹೆಂಚಿನ ಅಂಚು ತಿದ್ದುವ ಬಿದಿರಿನ ಸೀಳನ್ನು ಸಂದಿನಲ್ಲಿ ಇಳಿಸಿ, ಹಲ್ಲು ಸಂದಿಯ ಕಡ್ಡಿ ತೆಗೆಯುವವಳಂತೆ ಸುತ್ತಲೂ ಬಂದಳು. ಮೇಲಿನ ಮುಚ್ಚಳ ಬಿತ್ತು. ಒಳಗೆ ಹೋಗಿದ್ದ ಎರಡು ಮಣ್ಣಿನ ನಾಲಗೆಗಳಲ್ಲಿ ಒಂದು ಮುರಿದು ಅರ್ಧ ಒಳಗೇ ಉಳಿಯಿತು. ಇನ್ನೊಂದು ಇಡಿಯಾಗಿ ಬಂತು.

ಗೀಚಕ್ಕ ಅದನ್ನು ಅಂಗೈ ಮೇಲಿಟ್ಟುಕೊಂಡಳು. ಕಿಂಡಿಯ ಅಳತೆಗೆ ಸರಿಯಾದ ಪುಟ್ಟ ಇಟ್ಟಿಗೆ. ಒಂದು ಮೈಮೇಲೆ ನಾಲ್ಕು ಸಣ್ಣ ಗೀರು, ಹಿತ್ತಾಳೆ ಗೆರೆಗಳ ಪಡಿಯಚ್ಚು. ಅವಳು ಅಷ್ಟು ಹೊತ್ತು ಹುಡುಕಿದ್ದರ ಆಕಾರ ಮಣ್ಣಿನಲ್ಲಿ ಮೂಡಿ ಕೈಗೆ ಬಂದಿತ್ತು.

"ಒಳ್ಳೇ ಅಚ್ಚು" ಎಂದಳು ಅತ್ತೆ, ಕೆಲಸಗಾರ್ತಿಯ ಕಣ್ಣಿನಿಂದ ನೋಡಿ.

ಸೈಕಲ್ ಪಂಪಿನಿಂದ ಗಾಳಿ ಊದಿ ಧೂಳು ಹಾರಿಸಿದರು. ಕರೆಂಟು ಕೊಟ್ಟರು. ಕಂಪ್ಯೂಟರು ಮುಲುಕಿ, ಕೆಮ್ಮಿ, ಏಳಲು ತನ್ನ ಹೊತ್ತು ತೆಗೆದುಕೊಂಡಿತು. ಗೀಚಕ್ಕ ಬೆನ್ನಿನ ಕಿಂಡಿಗೆ ಪೆನ್ ಡ್ರೈವ್ ಚುಚ್ಚಿದಳು.

ದೀಪ ಹತ್ತಿತು.

"ಬಂತು!" ಗಡಿಬಿಡಿ ಕುಣಿದ. ಕಂಪ್ಯೂಟರು ಟಿಣ್ ಎಂದು ಸದ್ದು ಮಾಡಿತು. ಪರದೆಯ ಮೇಲೆ ಒಂದು ಚೌಕ ಎದ್ದು ನಿಂತಿತು. ಅದರಲ್ಲಿದ್ದದ್ದು ಬಳ್ಳಿಯಲ್ಲ, ಒಂದು ಪ್ರಶ್ನೆ: ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಬೇಕೇ? ಹೌದು, ಇಲ್ಲ.

"ಮಾಡ್ಬೇಕೇ ಅಂತ ಮರ್ಯಾದೆಯಿಂದ ಕೇಳ್ತಿದೆ, ಹೌದು ಅನ್ನೋಣ" ಎಂದು ಗಡಿಬಿಡಿ ಮೌಸಿನ ಮೇಲೆ ಕೈ ಇಟ್ಟೇಬಿಟ್ಟ. ಗೀಚಕ್ಕ ಅವನ ಮಣಿಕಟ್ಟು ಹಿಡಿದಳು. ಬಲವಾಗಿಯೇ ಹಿಡಿದಳು.

"ಹೌದು ಅಂದ್ರೆ ಒಳಗಿರೋದನ್ನೆಲ್ಲ ಒರೆಸಿ ಹಾಕುತ್ತೆ. ಬಿಡು ಕೈ."

ಇಲ್ಲ ಎಂಬುದನ್ನು ಒತ್ತಿ ಮತ್ತೆ ಫೋನು ಮಾಡಿದಳು. ರಿಪೇರಿಯವನು ಕಥೆಯನ್ನೆಲ್ಲ ಕೇಳಿದ. ಮಣ್ಣಿನ ವಿಷಯ ಬಂದಾಗ ಅದನ್ನು ಇನ್ನೊಂದು ಸಲ ಹೇಳಿಸಿದ. ಆಮೇಲೆ, "ಆ ತಾಯಿಗೆ ನನ್ನ ನಮಸ್ಕಾರ ಹೇಳಿ" ಎಂದ. "ಈಗ ಕಿಂಡಿ ಸರಿ ಇದೆ, ಡ್ರೈವೂ ಸರಿ ಇದೆ. ಒಬ್ಬರ ಬರಹ ಇನ್ನೊಬ್ಬರಿಗೆ ತಿಳೀತಿಲ್ಲ ಅಷ್ಟೇ. ನಿಮ್ಮದು ಹೊಸಾ ಡ್ರೈವು, ದೊಡ್ಡದು, ಹೊಸ ಕ್ರಮದಲ್ಲಿ ಬರೆದಿಟ್ಕೊಂಡಿದೆ. ಆ ಮುದುಕ ಓದು ಕಲಿತ ಕಾಲದಲ್ಲಿ ಆ ಕ್ರಮ ಇರ್ಲಿಲ್ಲ. ಯಾರ ಹತ್ರನಾದ್ರೂ ಸಣ್ಣ ಹಳೇ ಪೆನ್ ಡ್ರೈವ್ ಇದ್ರೆ ಅದಕ್ಕೆ ನಕಲು ಮಾಡ್ಕೊಂಡು ಬನ್ನಿ. ಈಗಿನ ಕಂಪ್ಯೂಟರಿಗೆ ಎರಡೂ ಓದೋಕೆ ಬರುತ್ತೆ."

ಹಳೇ ಪೆನ್ ಡ್ರೈವ್. ಅತ್ತಿಗೆ ನಿಧಾನವಾಗಿ ಮೈದುನನ ಕಡೆ ತಿರುಗಿದಳು. ಮಣ್ಣು ಹೊರುವ ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಹಗಲೆಲ್ಲ ಹಾಡುತ್ತಿದ್ದುದು ಯಾವುದರಿಂದ? ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು, ಮಗುವನ್ನು ಮುಚ್ಚಿಕೊಳ್ಳುವವನಂತೆ.

"ಹಾಡು ಅಳಿಸ್ಬೇಡ ಅತ್ತಿಗೆ. ಈ ಹಾಡೆಲ್ಲ ಈಗ ಎಲ್ಲೂ ಸಿಗಲ್ಲ."

"ನಿನ್ನ ಹಾಡಿನ ಪಕ್ಕದಲ್ಲಿ ಬಳ್ಳಿ ಮಲಗಿದ್ರೆ ಹಾಡು ಕೆಡಲ್ಲ. ಕೊಡು."

ಈ ಸಲ ಅವಳು ನಡೆಯಲಿಲ್ಲ, ಟ್ರ್ಯಾಕ್ಟರಿನಲ್ಲೇ ಹೋದರು. ಹಾಡಿಲ್ಲದ ಟ್ರ್ಯಾಕ್ಟರು ಗಡಗಡ ಎನ್ನುತ್ತಾ ಮಂಕಾಗಿ ಸಾಗಿತು. ವಾಚನಾಲಯದಲ್ಲಿ ಮೇಸ್ತ್ರಿ ಒಂದು ಹಾಳೆಯನ್ನು ಮೇಲಕ್ಕೆ ಎಳೆದುಕೊಂಡಿದ್ದ. ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಹಾಕುತ್ತಿದ್ದ. ಆ ಬಿಳಿ ಗೆರೆ ಅವಳಿಗೆ ಗೇಲಿಗಿಂತ ಹೆಚ್ಚು ಚುಚ್ಚಿತು. ಅಕ್ಕ ಎರಡು ಡ್ರೈವುಗಳನ್ನೂ ಅಕ್ಕಪಕ್ಕ ಹಾಕಿ ಬಳ್ಳಿಯನ್ನು ಒಂದರಿಂದ ಇನ್ನೊಂದಕ್ಕೆ ಎತ್ತಿಟ್ಟಳು. "ಇಷ್ಟೇನಾ?" ಎಂದ ಗಡಿಬಿಡಿ. "ಇಷ್ಟಕ್ಕೇ ಬೆಳಗ್ಗಿಂದ ಮೈ ಮುರ್ಕೊಂಡದ್ದು" ಎಂದಳು ಗೀಚಕ್ಕ.

ಕೊಟ್ಟಿಗೆಗೆ ಮರಳಿದಾಗ ಅತ್ತೆ ಕಂಪ್ಯೂಟರಿನ ಪಕ್ಕ ಮಣೆ ಹಾಕಿಕೊಂಡು ಕಾವಲು ಕೂತಿದ್ದಳು. ಹಲ್ಲಿ ಬಂದೀತೆಂದು. ಸವೆದ, ಬಣ್ಣ ಹೋದ ಆ ಪುಟ್ಟ ಡ್ರೈವು ಬೆನ್ನಿನ ಕಿಂಡಿಗೆ ಹೋಯಿತು. ದೀಪ. ಟಿಣ್. ಈ ಸಲ ಪ್ರಶ್ನೆ ಏಳಲಿಲ್ಲ. ಹಾಡುಗಳ ಉದ್ದನೆಯ ಸಾಲು ತೆರೆದುಕೊಂಡು, ಅದರ ತೀರಾ ಕೊನೆಯಲ್ಲಿ, ಕೊನೆಯ ಬೆಂಚಿನ ಹುಡುಗಿಯಂತೆ, ಬಳ್ಳಿ ಕೂತಿತ್ತು.

ಗೀಚಕ್ಕ ದಪ್ಪ ವೈರು ಬಿಗಿಯಾಗಿ ಕೂತಿದೆಯೇ ಎಂದು ಒಮ್ಮೆ ಮುಟ್ಟಿ ನೋಡಿ, ಮರಕುಟಿಗದ ಕೆಳಗೆ ಒಣಗಿದ ಪ್ಲಾಸ್ಟರ್ ಹಲಗೆ ಬಿಗಿದು, ಗುಂಡಿ ಒತ್ತಿದಳು. ಕೊಕ್ಕು ಗಾಳಿಯಲ್ಲಿ ಒಂದು ಗಳಿಗೆ ತಡೆಯಿತು, ಎತ್ತ ಹೋಗಲಿ ಎಂಬಂತೆ. ಆಮೇಲೆ ಇಳಿದು ಕುಟುಕತೊಡಗಿತು. ಬಿಳಿ ಪುಡಿ ಹಾರಿತು. ಮೊದಲು ಕಾಂಡ, ಅದರಿಂದ ಒಂದು ಬಾಗು, ಬಾಗಿನಿಂದ ಎಲೆ. ಅತ್ತೆ ಮಣೆ ಮುಂದಕ್ಕೆಳೆದುಕೊಂಡು ನೋಡುತ್ತಿದ್ದಳು. ಒಂದು ಎಲೆ ಮುಗಿದಾಗ, "ಮುಂದಿನದು ಎಡಕ್ಕೆ ವಾಲ್ಬೇಕು" ಎಂದಳು. ಮುಂದಿನ ಎಲೆ ಎಡಕ್ಕೇ ವಾಲಿತು. ಅವಳು ಸೆರಗು ಸಿಕ್ಕಿಸಿಕೊಂಡು ಮಣ್ಣು ಹದ ಮಾಡಲು ಎದ್ದಳು.

ಅಚ್ಚಿಗೆ ಮಣ್ಣು ತುಂಬುವುದು ಅತ್ತೆಯ ಪಾಲಾಯಿತು. ಒತ್ತುವುದು ಗಡಿಬಿಡಿಯ ಪಾಲು, ಅವಸರವಿಲ್ಲದೆ ಒತ್ತಿದ. ಬಿಡಿಸಿ ಹಲಗೆಯ ಮೇಲಿಟ್ಟಾಗ ನೆತ್ತಿ ಹೆಂಚು ಆಗಷ್ಟೇ ಸ್ನಾನ ಮಾಡಿಸಿದ ಮಗುವಿನಂತೆ ಹೊಳೆಯುತ್ತಿತ್ತು. ಗೀಚಕ್ಕ ಅಭ್ಯಾಸಬಲದಿಂದ ಒದ್ದೆ ಬಟ್ಟೆ ಎತ್ತಿದಳು. ಕೈ ಅಲ್ಲೇ ತಡೆಯಿತು. ಇದಕ್ಕೆ ಸರಿಯೇ ಎಂದು ತನಗೆ ತಾನೇ ಹೇಳಿಕೊಂಡು ಹೊದಿಸಿದಳು.

ಟ್ರ್ಯಾಕ್ಟರು ವಾಚನಾಲಯದ ಮುಂದೆ ನಿಂತಾಗ ಮೇಸ್ತ್ರಿ ಏಣಿಯ ಅರ್ಧಕ್ಕೆ ಇಳಿದಿದ್ದ. ಗೀಚಕ್ಕ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ನಿಂತಳು. ಬಟ್ಟೆ ಸರಿಸಿದಳು. ಅವನು ಪೂರ್ತಿ ಇಳಿಯಲಿಲ್ಲ. ಏಣಿಯ ಮೇಲೇ ತಿರುಗಿ ಕೂತು, ಗೋಡೆಯ ಮೇಲಿಟ್ಟಿದ್ದ ಒಡೆದ ಹಳೇ ತುಂಡೊಂದನ್ನು ಎಳೆದುಕೊಂಡು ಪಕ್ಕಕ್ಕೆ ಹಿಡಿದ. ಬಗ್ಗಿ ಬಳ್ಳಿಯಿಂದ ಬಳ್ಳಿಗೆ ಕಣ್ಣು ಓಡಿಸಿದ. ಮುಟ್ಟಲು ಬೆರಳು ಚಾಚಿ, ಹಸಿ ಎಂದು ನೆನಪಾಗಿ ಹಿಂದೆಗೆದ.

"ಸುಟ್ಟ ಮೇಲೆ ಕುಗ್ಗುತ್ತಲ್ಲ?"

"ಕುಗ್ಗೋದು ಸೇರಿಸ್ಕೊಂಡೇ ಬಿಡಿಸಿದೀನಿ."

"ಇನ್ನೂ ಬೇಕಾಗುತ್ತೆ. ಈ ನೆತ್ತಿ ಒಂದೇ ಅಲ್ಲ, ಆ ಕಡೆ ಮಾಡಿಗೂ."

"ಅಚ್ಚು ಇದೆಯಣ್ಣ. ಬೇಕಾದಷ್ಟು ಒತ್ತಬಹುದು."

ಮೇಸ್ತ್ರಿ ಮೋಡ ನೋಡಿದ, ಹೆಂಚು ನೋಡಿದ. ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ. ಆಮೇಲೆ ಕೆಳಗಿಳಿಯುವ ಬದಲು ಮತ್ತೆ ಮೇಲೆ ಹತ್ತತೊಡಗಿದ.

"ಯಾಕಣ್ಣ?"

"ಯಾಕೇನು, ಟಾರ್ಪಾಲು ಕಟ್ಬೇಡ್ವಾ? ಏಯ್ ಗಡಿಬಿಡಿ, ಸುಮ್ನೆ ನಿಂತಿದೀಯಲ್ಲ, ಆ ಹಗ್ಗ ಎಸಿ. ಆ ತಗಡಿಗೂ ಏನಾದ್ರೂ ಹೊದಿಸು, ವಾಪಸ್ ಕೊಡೋವಾಗ ಗೀರು ಬಿದ್ದಿರ್ಬಾರ್ದು."

ಮೊದಲ ಹನಿಗಳು ಬಿದ್ದಾಗ ಟಾರ್ಪಾಲಿನ ಒಂದು ತುದಿ ಗೀಚಕ್ಕನ ಕೈಯಲ್ಲಿತ್ತು.

ಬಳ್ಳಿಯ ಹೆಂಚುಗಳ ಮೊದಲ ಗೂಡು ಸುಟ್ಟು ಬಿಚ್ಚಿದ ದಿನ, ಹೆಂಚಿನ ಸಾಲಿನ ಪಕ್ಕದಲ್ಲಿ ಬೆರಳ ಗಾತ್ರದ ಇನ್ನೊಂದು ವಸ್ತುವೂ ಕೆಂಪಗೆ ಬೆಂದು ಹೊರಬಂತು. ಕಿಂಡಿಯ ಅಳತೆಗೆ ಒಂದು ಕೂದಲು ಸಡಿಲವಾಗಿ ಮಾಡಿದ ಬಿರಡೆ, ಹಿಡಿದು ತೆಗೆಯಲು ಒಂದು ಪುಟ್ಟ ಗುಬಟು. ಅತ್ತೆ ಅದನ್ನು ಕಂಪ್ಯೂಟರಿನ ಬೆನ್ನಿಗೆ ಹಾಕಿ, ತೆಗೆದು, ಮತ್ತೆ ಹಾಕಿ ತೋರಿಸಿದಳು.

"ಬೇಕಾದಾಗ ತೆಗೀರಿ. ಆದ್ರೆ ಬಾಯಿ ತೆರೆದು ಬಿಡ್ಬೇಡಿ. ಆ ಹಲ್ಲಿ ಇನ್ನೂ ಇಲ್ಲೇ ಇದೆ."